ಕಾಲೇಜಿನಲ್ಲಿ ಜಾಲತಾಣ ಕಟ್ಟುವ ಪಾಠ: ಮಸರಕಲ್‌ನ ವಿದ್ಯಾರ್ಥಿನಿಗೆ ಏನು ಸಿಗುತ್ತದೆ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಶಾಲೆ, ಹಾಸ್ಟೆಲ್, ಧರ್ಮಕೇಂದ್ರಗಳ ಕಚೇರಿಗೆ ಬರುವ ಹೆತ್ತವರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: "ಫಾದರ್, ಮಗಳು ಬಿಸಿಎ ಮಾಡ್ತೀನಿ, ವೆಬ್‌ಸೈಟ್ ಮಾಡೋದು ಕಲೀತೀನಿ ಅಂತಾಳೆ. ಕಲಿಸಬಹುದಾ?" ಕರಾವಳಿಯಲ್ಲಿ ಇದಕ್ಕೆ ಉತ್ತರ ಹೇಳಲು ಅದೇ ವಾಳೆಯಲ್ಲಿ ಒಬ್ಬರಾದರೂ ಇಂಜಿನಿಯರ್ ಸಿಗುತ್ತಾರೆ. ಆದರೆ ಇಲ್ಲಿಂದ ಹೋಗಿ ರಾಯಚೂರು ಜಿಲ್ಲೆಯಲ್ಲಿ ಸೇವೆ ಮಾಡುತ್ತಿರುವ ಧರ್ಮಗುರುಗಳಿಗೆ, ಧರ್ಮಭಗಿನಿಯರಿಗೆ, ಶಿಕ್ಷಕರಿಗೆ ಇದೇ ಪ್ರಶ್ನೆ ಎದುರಾದಾಗ ಉತ್ತರ ಅಷ್ಟು ಸುಲಭವಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿನ ಮೂರು ವರ್ಷ ಮತ್ತು ತಂದೆತಾಯಿಯ ಕೂಲಿಯ ಹಣ ಎರಡೂ ಆ ಉತ್ತರದ ಮೇಲೆ ನಿಂತಿರುತ್ತವೆ.

ಜಾಲತಾಣ ಕಟ್ಟುವ ಪಾಠ ಎಂದರೇನು, ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಹಳತಾಗುತ್ತದೆ, ನಮ್ಮಂಥವರು ಎಲ್ಲಿ ಸಹಾಯ ಮಾಡಬಹುದು ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ದೇವದುರ್ಗ ತಾಲ್ಲೂಕಿನ ಮಸರಕಲ್ ಗ್ರಾಮವನ್ನು ತೆಗೆದುಕೊಳ್ಳೋಣ. ಅಲ್ಲಿನ ಒಬ್ಬ ವಿದ್ಯಾರ್ಥಿನಿ ತನ್ನ ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ತನ್ನೂರಿನದೇ ಒಂದು ಜಾಲತಾಣ ಮಾಡಲು ಹೊರಟಿದ್ದಾಳೆ ಎಂದು ಭಾವಿಸೋಣ.

ಊರಿನ ಹಿನ್ನೆಲೆ

ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ನೀಡಿದ ವರದಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವನ್ನು ಸೇರಿಸಿತ್ತು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56. ರಾಜ್ಯದ ಸರಾಸರಿ 75.36 ಇದ್ದರೆ ದಕ್ಷಿಣ ಕನ್ನಡದಲ್ಲಿ ಅದು 88.57. ದೇವದುರ್ಗ ತಾಲ್ಲೂಕಿನಿಂದ ಪ್ರತಿ ವರ್ಷ ಅನೇಕ ಕುಟುಂಬಗಳು ಬೆಂಗಳೂರು ಮುಂತಾದ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ.

ಇದರ ಜೊತೆಗೆ ಬದಲಾದ ಸಂಗತಿಗಳೂ ಇವೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಪ್ರಕಾರ, ಇಂದು ಕಲ್ಯಾಣ ಕರ್ನಾಟಕ ಎಂದು ಕರೆಯುವ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಇತರ ಕಡೆಯ ಸಂಸ್ಥೆಗಳಲ್ಲಿ ಶೇಕಡಾ 8 ಸೀಟುಗಳಿವೆ. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಪ್ರವೇಶದ ದಿನ ಓಡಾಡಿ ಮಾಡಿಸುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಹಿಂದೆ ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗಿದ್ದ ಈ ಜಿಲ್ಲೆಗೆ ಈಗ ರಾಯಚೂರಿನಲ್ಲೇ ವಿಶ್ವವಿದ್ಯಾಲಯ ಇದೆ. 2019ರಲ್ಲಿ ರಾಯಚೂರಿಗೆ ಐಐಐಟಿ ಕೂಡ ಬಂತು. 2021ರಿಂದ ಕೆಲವು ವರ್ಷ ನಾಲ್ಕು ವರ್ಷದ ಆನರ್ಸ್ ಪದವಿಯ ಅವಕಾಶವಿದ್ದರೂ 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ.

ಪಾಠದಲ್ಲಿ ಏನಿರುತ್ತದೆ?

ಜಾಲತಾಣದ ಪಾಠವನ್ನು ಅರ್ಥ ಮಾಡಿಕೊಳ್ಳಲು ನಮ್ಮ ವಾರ್ಷಿಕ ಹಬ್ಬದ ಆಮಂತ್ರಣ ಪತ್ರಿಕೆಯನ್ನು ನೆನಪಿಸಿಕೊಂಡರೆ ಸಾಕು. ಮೊದಲು ಒಂದು ಹಾಳೆಯಲ್ಲಿ ವಿಷಯ ಬರೆಯುತ್ತೇವೆ: ಮೇಲೆ ತಲೆಬರಹ, ನಂತರ ದಿನ, ಸಮಯ, ಸ್ಥಳ, ಕೊನೆಗೆ ಕರೆಯುವವರ ಹೆಸರು. ಯಾವುದು ತಲೆಬರಹ, ಯಾವುದು ಪಟ್ಟಿ, ಯಾವುದು ಸಾಮಾನ್ಯ ಸಾಲು ಎಂದು ಗುರುತು ಹಾಕುವ ಈ ಕೆಲಸವೇ ಎಚ್‌ಟಿಎಂಎಲ್. ಅದೇ ಹಾಳೆಯನ್ನು ಮುದ್ರಣಾಲಯಕ್ಕೆ ಕೊಟ್ಟಾಗ ಅವರು ಅಕ್ಷರದ ಗಾತ್ರ, ಬಣ್ಣ, ಅಂಚು ನಿರ್ಧರಿಸುತ್ತಾರೆ. ಅದು ಸಿಎಸ್‌ಎಸ್. ಪತ್ರಿಕೆ ಓದಿದವರು ಏನಾದರೂ ಕೇಳಿದರೆ ಅಲ್ಲೇ ಉತ್ತರ ಕೊಡುವ ಸ್ವಯಂಸೇವಕನಂತೆ ಕೆಲಸ ಮಾಡುವುದು ಜಾವಾಸ್ಕ್ರಿಪ್ಟ್. ಗುಂಡಿ ಒತ್ತಿದಾಗ ಪಟ್ಟಿ ತೆರೆಯುವುದು, ಫಾರಂನಲ್ಲಿ ಹೆಸರು ಬಿಟ್ಟುಹೋದರೆ ಎಚ್ಚರಿಸುವುದು ಅದರ ಕೆಲಸ.

ಈ ಮೂರೂ ಓದುಗರ ಮೊಬೈಲಿನಲ್ಲಿ ನಡೆಯುವ ಕೆಲಸಗಳು. ಹಿಂದೆ, ದೂರದ ಸರ್ವರ್‌ನಲ್ಲಿ, ಒಂದು ಕಚೇರಿ ಇರುತ್ತದೆ. ಬಂದ ಅರ್ಜಿ ತೆಗೆದುಕೊಂಡು, ಕಡತ ತೆರೆದು, ಉತ್ತರ ಕಳುಹಿಸುವ ಗುಮಾಸ್ತನ ಕೆಲಸವನ್ನು ಪಿಎಚ್‌ಪಿಯಂತಹ ಭಾಷೆ ಮಾಡುತ್ತದೆ. ಕಡತಗಳ ಕಪಾಟು ಮೈಎಸ್‌ಕ್ಯೂಎಲ್‌ನಂತಹ ದತ್ತಸಂಚಯ. ಬಿಸಿಎ ತರಗತಿಗಳಲ್ಲಿ ಸಾಮಾನ್ಯವಾಗಿ ಈ ಐದನ್ನೂ ಕಲಿಸುತ್ತಾರೆ. ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಡಿಪ್ಲೊಮಾದಲ್ಲೂ ಇದೇ ವಿಷಯ ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್ ಎಂಬ ಹೆಸರಿನಲ್ಲಿ ಬರುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಭಯ ಇಂಗ್ಲಿಷಿನದು. ಆದರೆ ಎಚ್‌ಟಿಎಂಎಲ್‌ನಲ್ಲಿ ಇರುವ ಗುರುತುಗಳೇ ನೂರರ ಆಸುಪಾಸು. ಒಂದು ಸಾಧಾರಣ ಪುಟಕ್ಕೆ ಅವುಗಳಲ್ಲಿ ಇಪ್ಪತ್ತು ಸಾಕು. ನಿಜವಾದ ಕಷ್ಟ ತಪ್ಪಿನ ಸಂದೇಶಗಳನ್ನು ಓದುವುದರಲ್ಲಿದೆ. ಪರದೆಯ ಮೇಲೆ ಕೆಂಪು ಅಕ್ಷರ ಬಂದ ಕೂಡಲೇ ಹೆದರಿ ಅಳಿಸುವ ಬದಲು, ಯಾವ ಸಾಲಿನಲ್ಲಿ ತಪ್ಪಿದೆ ಎಂದು ಅದು ಹೇಳುತ್ತಿದೆ ಎಂಬುದನ್ನು ಮೊದಲ ತಿಂಗಳಲ್ಲೇ ಕಲಿಸಿದರೆ ಅರ್ಧ ಭಯ ಹೋಗುತ್ತದೆ.

ಉಳಿಯುವುದು ಯಾವುದು, ಹೋಗುವುದು ಯಾವುದು?

ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ವೆಬ್‌ನ ಯೋಜನೆ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಮಸರಕಲ್‌ನ ವಿದ್ಯಾರ್ಥಿನಿ ಯಾರ ಅನುಮತಿಯನ್ನೂ ಕೇಳದೆ ಪುಟ ಕಟ್ಟಬಹುದಾಗಿರುವುದು ಆ ನಿರ್ಧಾರದಿಂದಲೇ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸಂಪರ್ಕ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದೇ ವರ್ಷದ ಕ್ರಿಸ್ಮಸ್ ದಿನ ವ್ಯಾಟಿಕನ್ನಿನ ಜಾಲತಾಣವೂ ತೆರೆಯಿತು. ಅದರ ಸರ್ವರ್‌ಗಳಿಗೆ ರಫಾಯೆಲ್, ಮಿಕಾಯೆಲ್, ಗಬ್ರಿಯೆಲ್ ಎಂದು ಮಹಾದೂತರ ಹೆಸರಿಟ್ಟಿದ್ದರು. 1996ರಲ್ಲಿ ಡಾ. ಯು. ಬಿ. ಪವನಜ ಅವರ ವಿಶ್ವಕನ್ನಡ, ಕನ್ನಡದ ಮೊದಲ ಜಾಲತಾಣವಾಗಿ ಬಂತು.

ಅಂದಿನಿಂದ ಇಂದಿನವರೆಗೆ ಎಷ್ಟೋ ಉಪಕರಣಗಳು ಬಂದು ಹೋದವು. 2000ದ ದಶಕದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಫ್ರಂಟ್‌ಪೇಜ್, ಫ್ಲ್ಯಾಶ್ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಫ್ರಂಟ್‌ಪೇಜ್ ನಿಂತು ಬಹಳ ಕಾಲವಾಯಿತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಆದರೆ 1990ರ ದಶಕದ ಆರಂಭದ ಸರಳ ಎಚ್‌ಟಿಎಂಎಲ್ ಪುಟ ಇಂದಿನ ಮೊಬೈಲಿನಲ್ಲೂ ತೆರೆಯುತ್ತದೆ. ಹೆತ್ತವರಿಗೆ ಹೇಳಬೇಕಾದ ಮೊದಲ ಮಾತು ಇದು: ಒಂದು ಕಂಪನಿಯ ಉಪಕರಣವನ್ನು ಮಾತ್ರ ಕಲಿಸುವ ಕೋರ್ಸಿಗೆ ದುಡ್ಡು ಹಾಕಬೇಡಿ. ಬುಡ ಕಲಿಸುವ ಕೋರ್ಸ್ ಆಯ್ದುಕೊಳ್ಳಿ. ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಎಂದು ಗೋಡೆಗೆ ಅಂಟಿಸಿದ ಜಾಹೀರಾತಿಗೆ ಮರುಳಾಗಬೇಡಿ.

ಕನ್ನಡದಲ್ಲಿ ಕಟ್ಟುವಾಗಿನ ತೊಡಕುಗಳು

ಪಠ್ಯಪುಸ್ತಕಗಳ ಉದಾಹರಣೆಗಳು ಬಹುತೇಕ ಇಂಗ್ಲಿಷಿನವು. ನಮ್ಮ ವಿದ್ಯಾರ್ಥಿನಿ ಊರಿನ ಪುಟವನ್ನು ಕನ್ನಡದಲ್ಲಿ ಕಟ್ಟಲು ಹೊರಟಾಗ ಪುಸ್ತಕದಲ್ಲಿ ಇಲ್ಲದ ಸಮಸ್ಯೆಗಳು ಎದುರಾಗುತ್ತವೆ. ಕಲಿಕೆ ನಿಜವಾಗಿ ನಡೆಯುವುದೂ ಇಲ್ಲಿಯೇ.

ಪಂಚಾಯಿತಿ ಅಥವಾ ಶಾಲೆಯಿಂದ ಅವಳಿಗೆ ಹಳೆಯ ಕಡತಗಳು ಸಿಗುತ್ತವೆ. ಅವು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಪುಟಕ್ಕೆ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಕಾರಣ ಇಷ್ಟೇ: ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಇಟ್ಟಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಬರುತ್ತದೆ. 2000ದ ದಶಕದ ಆರಂಭದಲ್ಲಿ ಕನ್ನಡ ಜಾಲತಾಣ ಓದಲು ಮೊದಲು ಫಾಂಟ್ ಇಳಿಸಿಕೊಳ್ಳಬೇಕಾಗಿದ್ದುದು ಹಳೆಯ ಓದುಗರಿಗೆ ನೆನಪಿರಬಹುದು. ಹುಡುಕುತಾಣಗಳಿಗೂ ಅಂತಹ ಪುಟ ಸಿಗುತ್ತಿರಲಿಲ್ಲ. ಯುನಿಕೋಡ್ ಈ ಗೊಂದಲವನ್ನು ನೀಗಿಸಿತು. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಿನಿಂದ ನೋಡಲೇಬೇಕು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ, ತುಳುವಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಧರ್ಮಕೇಂದ್ರಗಳ ಹಳೆಯ ಸ್ಮರಣ ಸಂಚಿಕೆಗಳ ಕಡತಗಳೂ ಇದೇ ಸ್ಥಿತಿಯಲ್ಲಿವೆ.

ಎರಡನೆಯದು ಪ್ರಶ್ನಾರ್ಥಕ ಚಿಹ್ನೆಗಳ ಕಾಟ. ಫಾರಂನಲ್ಲಿ ಕನ್ನಡದಲ್ಲಿ ಬರೆದ ಹೆಸರು ದತ್ತಸಂಚಯಕ್ಕೆ ಹೋಗಿ ಬಂದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತದೆ. ಮೈಎಸ್‌ಕ್ಯೂಎಲ್ 2018ರ ಎಂಟನೇ ಆವೃತ್ತಿಗೆ ಮೊದಲು ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಹಿಡಿಯುವ ಸಂಕೇತವನ್ನು ತಾನಾಗಿ ಆಯ್ದುಕೊಳ್ಳುತ್ತಿತ್ತು. ಹಳೆಯ ಆವೃತ್ತಿ ಇರುವ ಲ್ಯಾಬ್‌ನಲ್ಲಿ ಈ ತೊಂದರೆ ಸಾಮಾನ್ಯ. ಕೋಷ್ಟಕ, ಸಂಪರ್ಕ, ಪುಟ ಮೂರೂ ಕಡೆ ಯುಟಿಎಫ್-8 ಎಂದು ಹೇಳಿದರೆ ಸರಿಹೋಗುತ್ತದೆ. ಒಂದು ಕಡೆ ಮರೆತರೂ ಅಕ್ಷರ ಹಾಳಾಗುತ್ತದೆ. ಒಮ್ಮೆ ಹಾಳಾಗಿ ಶೇಖರವಾದದ್ದು ಮರಳಿ ಬರುವುದಿಲ್ಲ.

ಮೂರನೆಯದು ಊರಿನ ಹೆಸರು. ಮಸರಕಲ್ ಎಂದು ಬರೆಯುವವರಿದ್ದಾರೆ, ಮಸರ್ಕಲ್ ಎಂದು ಬರೆಯುವವರೂ ಇದ್ದಾರೆ. ಪಕ್ಕದ ತಾಲ್ಲೂಕನ್ನು ಮಾನ್ವಿ ಎಂದೂ ಮಾನವಿ ಎಂದೂ ಬರೆಯುತ್ತಾರೆ. ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. ಹುಡುಕಿದವರಿಗೆ "ಯಾವುದೂ ಸಿಗಲಿಲ್ಲ" ಎಂಬ ಉತ್ತರ ಬಾರದಂತೆ ಎರಡೂ ರೂಪಗಳನ್ನು ಪುಟದಲ್ಲಿ ಸೇರಿಸಬೇಕಾಗುತ್ತದೆ. ಇದು ಊರು ಬಲ್ಲವರಿಗೆ ಮಾತ್ರ ಹೊಳೆಯುವ ಸಂಗತಿ.

ನಾಲ್ಕನೆಯದು ಸಾಲುಗಳ ನಡುವಿನ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಹೊಂದುವ ಅಂತರದಲ್ಲಿ "ರಾಷ್ಟ್ರೀಯ" ಎಂಬಂತಹ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಕತ್ತರಿಸಿ ಹೋಗುತ್ತವೆ. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಅಂತರ ಕೊಟ್ಟರೆ ಓದಲು ಹಿತವಾಗಿರುತ್ತದೆ.

ಯಾರು ನೋಡುತ್ತಾರೆ ಎಂಬ ಪ್ರಶ್ನೆ

ಪ್ರಾಜೆಕ್ಟ್ ಆರಂಭಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಊರಿನ ಜಾಲತಾಣ ಎಂದ ಕೂಡಲೇ ದೊಡ್ಡ ಚಿತ್ರ, ಓಡುವ ಅಕ್ಷರಗಳು, ಗಣ್ಯರ ಫೋಟೋಗಳು ಎಂದು ಮನಸ್ಸು ಹೋಗುತ್ತದೆ. ಆದರೆ ಆ ಪುಟ ನಿಜವಾಗಿ ಬೇಕಾಗಿರುವುದು ಯಾರಿಗೆ? ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ರಾತ್ರಿ ಮೊಬೈಲ್ ಹಿಡಿದು ಕುಳಿತ ಊರಿನವನಿಗೆ. ಅವನಿಗೆ ತಿಳಿಯಬೇಕಾದದ್ದು ಮಕ್ಕಳ ಶಾಲೆಗೆ ದಾಖಲಾತಿ ಯಾವಾಗ, ಉದ್ಯೋಗ ಖಾತರಿಯ ಚೀಟಿಗೆ ಏನು ದಾಖಲೆ ಬೇಕು, ಗ್ರಾಮಸಭೆ ಯಾವ ದಿನ, ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದು.

ಅವನ ಡೇಟಾ ಪ್ಯಾಕ್ ಚಿಕ್ಕದು. ಇಲ್ಲಿ ಒಂದು ಲೆಕ್ಕ ನೋಡೋಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. "ಮಸರಕಲ್" ಎಂಬ ಹೆಸರಿನಲ್ಲಿ ಐದು ವ್ಯಂಜನ, ಕೊನೆಗೆ ಒಂದು ವಿರಾಮ ಚಿಹ್ನೆ, ಒಟ್ಟು ಆರು ಸಂಕೇತ, 18 ಬೈಟ್. ನೀವು ಓದುತ್ತಿರುವಷ್ಟು ಉದ್ದದ ಲೇಖನ 50 ಕಿಲೋಬೈಟ್‌ನೊಳಗೇ ಇರುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಮೆಗಾಬೈಟ್. ಅಂದರೆ ಒಂದು ಫೋಟೋದ ಭಾರದಲ್ಲಿ ಇಂತಹ 60ಕ್ಕಿಂತ ಹೆಚ್ಚು ಲೇಖನಗಳನ್ನು ಕಳುಹಿಸಬಹುದು. ಫೋಟೋವನ್ನು ಕುಗ್ಗಿಸಿ ಹಾಕಬೇಕು ಎಂದು ಲ್ಯಾಬ್‌ನಲ್ಲಿ ಹೇಳಿದಾಗ ಅದು ಬರೀ ನಿಯಮದಂತೆ ಕೇಳುತ್ತದೆ. ಗುಳೆ ಹೋದ ಅಣ್ಣನ ಮೊಬೈಲಿನಲ್ಲಿ ತೆರೆದು ನೋಡಿದಾಗ ಅದರ ಅರ್ಥ ತಿಳಿಯುತ್ತದೆ.

ಓದಲು ಬಾರದವರೂ, ಕಣ್ಣು ಕಾಣದವರೂ ಊರಿನಲ್ಲಿದ್ದಾರೆ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಮೊಬೈಲಿನಲ್ಲೇ ಇವೆ. ಆದರೆ ಪ್ರಕಟಣೆಯನ್ನು ಫೋಟೋ ತೆಗೆದು ಹಾಕಿದರೆ ಅವು ಅದನ್ನು ಸರಿಯಾಗಿ ಓದಲಾರವು. ಅಕ್ಷರದಲ್ಲೇ ಬರೆದು, ಪುಟದ ಭಾಷೆ ಕನ್ನಡ ಎಂದು ಒಂದು ಸಾಲಿನಲ್ಲಿ ಸೂಚಿಸಿದರೆ ಅವು ಕನ್ನಡದ ಧ್ವನಿಯಲ್ಲೇ ಓದುತ್ತವೆ. ಚರ್ಚ್ ಪ್ರಕಟಣೆಗಳ ಚಿತ್ರ ತೆಗೆದು ಹಂಚುವ ನಾವೂ ಇದನ್ನು ಗಮನಿಸಬೇಕು.

ಕೊಂಡು ತಂದ ಪ್ರಾಜೆಕ್ಟ್

ಈ ಕೋರ್ಸಿನ ದೊಡ್ಡ ಅಪಾಯವನ್ನೂ ಹೇಳಬೇಕು. ಅಂತಿಮ ವರ್ಷದಲ್ಲಿ ಪೇಟೆಯ ಅಂಗಡಿಗಳಲ್ಲಿ ಸಿದ್ಧ ಪ್ರಾಜೆಕ್ಟ್‌ಗಳು ಬೆಲೆಗೆ ಸಿಗುತ್ತವೆ. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ಎಂಬ ಹೆಸರಿನ ಅದೇ ಕೆಲವು ಪ್ರಾಜೆಕ್ಟ್‌ಗಳು ವರ್ಷ ವರ್ಷವೂ ಹೊಸ ರಟ್ಟು ಹಾಕಿಕೊಂಡು ಬರುತ್ತವೆ. ಅಂಕ ಸಿಗುತ್ತದೆ. ಸಂದರ್ಶನದಲ್ಲಿ "ಈ ಸಾಲು ಏಕೆ ಬರೆದಿರಿ?" ಎಂದು ಕೇಳಿದಾಗ ಉತ್ತರ ಇರುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಬಸ್ಸಿನ ಸಮಯಕ್ಕೆ ಲ್ಯಾಬ್ ಬಿಟ್ಟು ಓಡಬೇಕಾದ ಹಳ್ಳಿಯ ಮಕ್ಕಳೇ ಈ ಬಲೆಗೆ ಹೆಚ್ಚು ಬೀಳುತ್ತಾರೆ. ಸೋಮಾರಿತನಕ್ಕಿಂತ ಹೆಚ್ಚಾಗಿ ಅಭ್ಯಾಸಕ್ಕೆ ಯಂತ್ರ ಸಿಗದಿರುವುದು ಇದಕ್ಕೆ ಕಾರಣ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಾಜೆಕ್ಟ್ ಕೊಳ್ಳುವ ಅಗತ್ಯವೂ ಇಲ್ಲ. ಕೇಳಿದರೆ ನಿಮಿಷದಲ್ಲಿ ಪುಟ ಬರೆದುಕೊಡುತ್ತದೆ. ಹಾಗಾದರೆ ಕಲಿಯುವುದು ಏಕೆ ಎಂದು ಹೆತ್ತವರು ಕೇಳುವುದು ನ್ಯಾಯವೇ. ಯಂತ್ರ ಬರೆದದ್ದು ಸರಿಯೇ ಎಂದು ನೋಡಲು ಬುಡ ತಿಳಿದವರು ಬೇಕು. ಮಸರಕಲ್‌ಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಅಂಗನವಾಡಿ ಯಾವ ಓಣಿಯಲ್ಲಿದೆ ಎಂಬುದನ್ನು ಊರಿಗೆ ಹೋಗಿ ಕೇಳಿಯೇ ತಿಳಿಯಬೇಕು. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆಯುವುದು ಇಂತಹ ಯಂತ್ರಗಳ ದೋಷ. ಸರಳ ಪುಟ ಮಾಡಿಕೊಡುವ ಕೆಲಸಕ್ಕೆ ಮೊದಲಿನಷ್ಟು ಬೆಲೆ ಇಲ್ಲ ಎಂಬುದನ್ನೂ ಮುಚ್ಚಿಡಬಾರದು. ಪುಟ ಮಾಡಲು ಮಾತ್ರ ಬಲ್ಲವರಿಗಿಂತ ದತ್ತಸಂಚಯ, ಸುರಕ್ಷತೆ, ತಪ್ಪು ಹುಡುಕುವುದು ಬಲ್ಲವರಿಗೆ ಮುಂದೆ ದಾರಿ ಇದೆ.

ಪ್ರಕಟಿಸುವ ಮೊದಲು

ಗಿಟ್‌ಹಬ್ ಪೇಜಸ್‌ನಂತಹ ಕಡೆ ಸರಳ ಪುಟಗಳನ್ನು ಉಚಿತವಾಗಿ ಇಡಬಹುದು. ಸ್ವಂತ ಹೆಸರಿನ ವಿಳಾಸ ಬೇಕಾದರೆ ಪ್ರತಿ ವರ್ಷ ಹಣ ಕಟ್ಟಿ ನವೀಕರಿಸಬೇಕು. ಮರೆತರೆ ಆ ವಿಳಾಸವನ್ನು ಬೇರೆ ಯಾರಾದರೂ ಕೊಳ್ಳಬಹುದು. ಸಂಘ ಸಂಸ್ಥೆಗಳ ಹಳೆಯ ವಿಳಾಸಗಳು ಜೂಜಿನ ಜಾಹೀರಾತಿನವರ ಕೈಗೆ ಹೋಗುವುದು ಹೀಗೆಯೇ. ವಿಳಾಸವನ್ನು ಉತ್ಸಾಹಿ ಯುವಕನೊಬ್ಬನ ಸ್ವಂತ ಇಮೇಲಿನಲ್ಲಿ ನೋಂದಾಯಿಸದೆ ಸಂಸ್ಥೆಯ ಇಮೇಲಿನಲ್ಲಿ ನೋಂದಾಯಿಸುವುದು ಜಾಣತನ.

ಇನ್ನೊಂದು ಎಚ್ಚರಿಕೆ ಜನರ ಮಾಹಿತಿಯದು. ಫಲಾನುಭವಿಗಳ ಪಟ್ಟಿ, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ, ಮಕ್ಕಳ ಫೋಟೋ ಇವನ್ನು ಪ್ರಾಜೆಕ್ಟ್ ಚೆನ್ನಾಗಿ ಕಾಣಲಿ ಎಂದು ಹಾಕಬಾರದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಅಭ್ಯಾಸಕ್ಕೆ ಕಲ್ಪಿತ ಹೆಸರುಗಳು ಸಾಕು. ಕುಟುಂಬಗಳ ಪಟ್ಟಿಯನ್ನು ಫೋನ್ ನಂಬರ್ ಸಮೇತ ಜಾಲತಾಣಕ್ಕೆ ಏರಿಸುವ ಧರ್ಮಕೇಂದ್ರಗಳಿಗೂ ಇದೇ ಮಾತು.

ನಾವು ಏನು ಮಾಡಬಹುದು?

ದೊಡ್ಡ ಯೋಜನೆ ಬೇಕಿಲ್ಲ. ಶಾಲೆ ಅಥವಾ ಹಾಸ್ಟೆಲ್‌ನ ಹಳೆಯ ಎರಡು ಕಂಪ್ಯೂಟರ್‌ಗಳನ್ನು ಸರಿಪಡಿಸಿ ಸಂಜೆ ಎರಡು ಗಂಟೆ ಕಾಲೇಜು ಮಕ್ಕಳಿಗೆ ಬಿಟ್ಟುಕೊಟ್ಟರೆ ಸಾಕಷ್ಟಾಯಿತು. ಎಚ್‌ಟಿಎಂಎಲ್, ಸಿಎಸ್‌ಎಸ್ ಅಭ್ಯಾಸಕ್ಕೆ ಅಂತರ್ಜಾಲವೂ ಬೇಡ. ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಅನೇಕವು ಕನ್ನಡದ ಧ್ವನಿಯಲ್ಲೂ ಇವೆ. ಒಮ್ಮೆ ಇಳಿಸಿಟ್ಟುಕೊಂಡರೆ ಕರೆಂಟು ಇದ್ದಾಗ ನೋಡಬಹುದು.

ಕರಾವಳಿಯ ಧರ್ಮಕೇಂದ್ರಗಳಲ್ಲಿ ಈ ಕೆಲಸ ಬಲ್ಲ ಯುವಕ ಯುವತಿಯರು ಬಹಳ ಮಂದಿ ಇದ್ದಾರೆ. ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ರಾಯಚೂರಿನ ಒಬ್ಬ ವಿದ್ಯಾರ್ಥಿಯ ತಪ್ಪುಗಳನ್ನು ನೋಡಿಕೊಟ್ಟರೆ ಅದೂ ಸೇವೆಯೇ. ಉತ್ತರವನ್ನು ಬರೆದುಕೊಡದೆ, "ಯಾವ ಸಾಲಿನಲ್ಲಿ ತಪ್ಪು ಎಂದು ಹೇಳುತ್ತಿದೆ, ಓದು ನೋಡೋಣ" ಎಂದು ಕೇಳಿದರೆ ಸಾಕು.

ಹಾಗಾದರೆ ಕಚೇರಿಗೆ ಬಂದ ಆ ತಾಯಿಗೆ ಏನು ಹೇಳೋಣ? "ಕಲಿಸಿರಿ ಅಮ್ಮ. ಆದರೆ ಮೊದಲ ವರ್ಷ ಮುಗಿಯುವಾಗ ಮಗಳು ತಾನೇ ಮಾಡಿದ ಒಂದು ಪುಟವನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ತೋರಿಸಲಿ. ನಿಮಗೆ ಓದಲು ಬಾರದಿದ್ದರೆ ಮೊಬೈಲೇ ಓದಿ ಹೇಳುವಂತೆ ಮಾಡಿರಲಿ. ಊರಿನ ಹೆಸರು ಸರಿಯಾಗಿ ಕೇಳಿಸಿತೇ, ಬಸ್ಸಿನ ಸಮಯ ಸರಿ ಇದೆಯೇ ಎಂದು ನೀವೇ ಪರೀಕ್ಷೆ ಮಾಡಿ" ಎಂದು ಹೇಳಬಹುದು. ಆ ಪರೀಕ್ಷೆಯಲ್ಲಿ ಪಾಸಾದ ಮಗಳು ಮುಂದಿನ ಎರಡು ವರ್ಷಗಳನ್ನೂ ಸರಿಯಾಗಿ ಬಳಸಿಕೊಳ್ಳುತ್ತಾಳೆ ಎಂದು ನಾವು ಧೈರ್ಯವಾಗಿ ನಂಬಬಹುದು.